ಕೋವಿ ಕೂರ್ತಿಲ್ಲ ಅಂತ ಕೊಡತಿ ತಗೊಳ್ಳೋ ಮೊದಲು

ಈ ವಾರ ಬೋರ್ಡೋ ಹೊಡೆದ ಲೆಕ್ಕ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ, ಕೊಳೆರೋಗ ಎಲ್ಲಿಗೂ ಓಡಿಹೋಗೋದಿಲ್ಲ. ಇವತ್ತು ಕೋವಿ ವಿಷಯ. ಸಿಟ್ಟು ಇಳಿಯೋ ಮೊದಲೇ ಬರೀತಿದ್ದೀನಿ, ಮಾತು ಖಾರ ಆದರೆ ಸಹಿಸಿಕೊಳ್ಳಿ.

ಪಕ್ಕದ ಊರಿನ ಹಿರಿಯ ಗೌಡ್ರೊಬ್ಬರ ಜೋಡುನಳಿಗೆ ಕೋವಿ. ಅವರ ಅಪ್ಪನ ಕಾಲದ್ದು, ಒಳಕುದುರೆಯದ್ದು, ಹಿಡಿದರೆ ಕೈಗೆ ಬೆಣ್ಣೆ ಇದ್ದ ಹಾಗೆ ಕೂರುತ್ತಿತ್ತು. ಚುನಾವಣೆ ಮುಗಿದ ಮೇಲೆ ಠಾಣೆಯಿಂದ ವಾಪಸ್ ಬಂತು. ನಳಿಗೆ ಮೇಲೆ ಕೆಂಪಗೆ ತುಕ್ಕಿನ ಪದರ. ಬೆಂಗಳೂರಲ್ಲಿ ಓದ್ತಿರೋ ಮಗ ರಜೆಗೆ ಬಂದಿದ್ದ. "ಅಪ್ಪಾ, ನಾನು ಕ್ಲೀನ್ ಮಾಡ್ತೀನಿ" ಅಂತ ಬಿಚ್ಚಿದ. ಅಲ್ಲೀವರೆಗೆ ಒಳ್ಳೇದೇ. ನಳಿಗೆ ಬೇರೆ, ಮುಂದಿನ ಮರ ಬೇರೆ, ಹಿಂದಿನ ಮರ ಬೇರೆ ಮಾಡಿ ಚೊಕ್ಕವಾಗಿ ಒರೆಸಿದ. ಮತ್ತೆ ಜೋಡಿಸೋಕೆ ಹೋದರೆ ಮುಂದಿನ ಮರ ಕೂರಲೊಲ್ಲದು. ಅಪ್ಪ ನೋಡಿದರು, ಕೂರಲಿಲ್ಲ. ಕೊಡತಿ ತಂದರು. ಮರದ ತುದಿ ಸೀಳಿತು. ಮಾರನೇ ದಿನ ಪೇಟೆಯ ಒಂದು ವೆಲ್ಡಿಂಗ್ ಶಾಪಿಗೆ ಒಯ್ದರು. ಅವನು ಅರ ತಗೊಂಡು ಎಲ್ಲೆಲ್ಲಿ ಬಿಗಿ ಅನ್ನಿಸಿತೋ ಅಲ್ಲೆಲ್ಲ ಉಜ್ಜಿದ. ಮುಂದಿನ ಮರ ಕೂತಿತು. ಇನ್ನೂರು ರೂಪಾಯಿ ತಗೊಂಡ.

ಆವತ್ತು ಸಂಜೆ ಗೌಡ್ರು ನನ್ನನ್ನ ಕರೆದರು. ಗದ್ದೆಗೆ ಹಂದಿ ಬರ್ತಿದೆ, ರಾತ್ರಿ ಕಾವಲಿಗೆ ಕೂರಬೇಕು, ಬಲಗಡೆ ಕುದುರೆ ಏಳ್ತಿಲ್ಲ, ಒಂಚೂರು ನೋಡು ಅಂತ. ತೋಟಾ ಇಲ್ಲ ಅಂತ ಎರಡೂ ನಳಿಗೆಗೆ ಬೆರಳು ಹಾಕಿ ನೋಡಿ, ಮುಂದಿನ ಮರ ತೆಗೆದು, ಮುಚ್ಚಿದ ಕೋವಿಯನ್ನ ಹಿಂದಿನ ಮರ ಹಿಡಿದು ಅಲ್ಲಾಡಿಸಿದೆ. ಕಟಕಟ ಅಂತು. ದೀಪಕ್ಕೆ ಹಿಡಿದೆ. ನಳಿಗೆಯ ಹಿಂಬದಿಗೂ ಅದು ಒರಗಬೇಕಾದ ಕಬ್ಬಿಣಕ್ಕೂ ನಡುವೆ ಬೆಳಕು ಕಾಣ್ತು. ಹೊಟ್ಟೆ ತಣ್ಣಗಾಯ್ತು ನನಗೆ.

"ಗೌಡ್ರೇ, ಇದಕ್ಕೆ ತೋಟಾ ಹಾಕಬೇಡಿ" ಅಂದೆ.

"ನಲವತ್ತು ವರ್ಷದಿಂದ ಕೋವಿ ಹಿಡಿದವನಿಗೆ ನೀನು ಹೇಳಿಕೊಡ್ತೀಯೇನಾ?" ಅಂದರು.

ನಾನು ಜಗಲಿಯಿಂದ ಇಳೀಲಿಲ್ಲ. ತೋಟಾದ ಪೆಟ್ಟಿಗೆಯನ್ನ ಅವರ ಮನೆಯಾಕೆ ಕೈಗೆ ಕೊಟ್ಟು ಒಳಗಿಡಿ ಅಕ್ಕಾ ಅಂದೆ. ದೊಡ್ಡ ಜಗಳವೇ ಆಯ್ತು. ಆವತ್ತಿಂದ ಮಾತಿಲ್ಲ.

ಇಷ್ಟಕ್ಕೂ ಆ ಕೋವಿಗೆ ಆಗಿದ್ದೇನು? ಏನೂ ಆಗಿರಲಿಲ್ಲ! ಅದೇ ನನ್ನ ಸಂಕಟ. ಹಾಳಾಗದೇ ಇದ್ದ ಕೋವಿಯನ್ನ ರಿಪೇರಿ ಮಾಡಿ ಹಾಳು ಮಾಡಿದರು. ಎರಡು ನಿಮಿಷದ ಕೆಲಸ, ಒಂದು ಮರದ ತುಂಡು ಸಾಕಿತ್ತು.

ಹುಡುಗನನ್ನ ಕೇಳಿದೆ, ಬಿಚ್ಚಿದ ಮೇಲೆ ಟ್ರಿಗರ್ ಎಳೆದೆಯಾ ಅಂತ. "ಹೌದಣ್ಣ, ಎರಡೂ ಎಳೆದೆ. ಕ್ಲೀನ್ ಮಾಡುವಾಗ ಎಳೀಬೇಕಲ್ವಾ, ವಿಡಿಯೋದಲ್ಲಿ ಹಂಗೇ ಇತ್ತು" ಅಂದ. ಮೊಬೈಲ್ ತೆಗೆದು ತೋರಿಸಿದ. ಅಮೆರಿಕದ ಯಾವನೋ ಒಬ್ಬ ಮೇಜಿನ ಮೇಲೆ ಅಂಗೈಯಗಲದ ಪಿಸ್ತೂಲು ಇಟ್ಕೊಂಡು ಬಿಚ್ಚೋದು ಜೋಡಿಸೋದು ತೋರಿಸ್ತಿದ್ದಾನೆ. ಗ್ಲಾಕ್ ಅನ್ನೋ ಜಾತಿ. ಅದರಲ್ಲಿ ಮೇಲಿನ ಜಾರುಭಾಗ ಕಳಚಿ ಬರಬೇಕಾದರೆ ಮೊದಲು ಟ್ರಿಗರ್ ಎಳೆಯಲೇಬೇಕು, ಅದರ ರಚನೆಯೇ ಹಾಗೆ. ಜೋಡಿಸಿದ ಮೇಲೆ ಆ ಜಾರುಭಾಗವನ್ನ ಒಮ್ಮೆ ಹಿಂದಕ್ಕೆಳೆದು ಬಿಟ್ಟರೆ ಒಳಗಿನ ಸೂಜಿ ಮತ್ತೆ ಎಳೆದು ನಿಲ್ಲುತ್ತೆ. ಆದ್ದರಿಂದ ಅಲ್ಲಿ ಟ್ರಿಗರ್ ಎಳೆದರೆ ಜೋಡಣೆಗೆ ತೊಂದರೆಯಿಲ್ಲ. (ಅಲ್ಲೂ ಬೇರೆ ತೊಂದರೆ ಇದೆ. ನಳಿಗೆಯಲ್ಲಿ ಗುಂಡು ಉಳಿದದ್ದು ನೋಡದೆ, ಬಿಚ್ಚೋಕೆ ಅಂತ ಟ್ರಿಗರ್ ಎಳೆದು ಅಂಗೈ ತೂತು ಮಾಡಿಕೊಂಡವರು ಆ ದೇಶದಲ್ಲಿ ಕಮ್ಮಿಯಿಲ್ಲ.) ಅದೇ ಪಿಸ್ತೂಲು ಜಾತಿಯಲ್ಲೇ ಟ್ರಿಗರ್ ಮುಟ್ಟದೆ ಬಿಚ್ಚುವಂಥವೂ ಇವೆ. ಅಂದರೆ ಒಂದರ ಪಾಠ ಇನ್ನೊಂದಕ್ಕೇ ನಡೆಯೋದಿಲ್ಲ. ಹಾಗಿರುವಾಗ ಆ ಪಾಠವನ್ನ ತಂದು ನಮ್ಮ ಬೆಳೆ ಕಾಯೋ ಕೋವಿ ಮೇಲೆ ಹೇರಿದರೆ ಏನಾಗಬೇಕು?

ನಮ್ಮ ಕೋವಿ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಇದು ಗೊತ್ತಾದರೆ ಉಳಿದದ್ದೆಲ್ಲ ತಾನೇ ಗೊತ್ತಾಗುತ್ತೆ.

ಅಡಕತ್ತರಿ ನೆನಪು ಮಾಡ್ಕೊಳ್ಳಿ. ಒಂದು ಕೀಲು, ಎರಡು ತೋಳು. ಮಡಚುವ ಕೋವಿಯೂ ಹಾಗೇ. ನಳಿಗೆ ಒಂದು ತೋಳು, ಹಿಂದಿನ ಮರ ಇನ್ನೊಂದು, ನಡುವೆ ಕೀಲು. ನಳಿಗೆಯ ಕೆಳಗಿನ ಕೊಕ್ಕೆ ಆ ಕೀಲನ್ನ ಅಪ್ಪಿಕೊಂಡಿರುತ್ತೆ. ಹೊರಗೆ ಕುದುರೆ ಇಲ್ಲದ ಕೋವಿಯಲ್ಲಿ ಕುದುರೆಗಳು ಕಬ್ಬಿಣದ ಪೆಟ್ಟಿಗೆಯೊಳಗಿರ್ತವೆ. ಅವನ್ನ ಎಬ್ಬಿಸೋದು ಯಾರು? ನಮ್ಮ ಹೆಬ್ಬೆರಳಲ್ಲ. ನಳಿಗೆ ಕೆಳಕ್ಕೆ ಬಾಗಿದಾಗ ಅದರ ಜೊತೆ ಮುಂದಿನ ಮರವೂ ಬಾಗುತ್ತೆ. ಪೆಟ್ಟಿಗೆಯ ಮೂತಿಯಿಂದ ಎರಡು ಸಣ್ಣ ಲಿವರ್ ತುದಿಗಳು ಹೊರಚಾಚಿ ಮುಂದಿನ ಮರದ ಕಬ್ಬಿಣದ ಗಾಡಿಯೊಳಗೆ ಕೂತಿರ್ತವೆ. ಮರ ಬಾಗಿದಾಗ ಆ ತುದಿಗಳನ್ನ ಒತ್ತುತ್ತೆ, ಲಿವರಿನ ಇನ್ನೊಂದು ತುದಿ ಒಳಗೆ ಕುದುರೆಯನ್ನ ಎತ್ತುತ್ತೆ, ಕಟಕ್ ಅಂತ ಕುದುರೆ ನಿಲ್ಲುತ್ತೆ. ನೀರೆತ್ತೋ ಏತ ಕಂಡಿದ್ದೀರಲ್ಲ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳೋದು, ಅದೇ ಲೆಕ್ಕ. ಅಷ್ಟುದ್ದದ ನಳಿಗೆಯೇ ಹಾರೆಕೋಲು. ಅದಕ್ಕೇ ಎರಡು ಗಟ್ಟಿ ಸ್ಪ್ರಿಂಗು ಇದ್ದರೂ ಕೋವಿ ಮಡಚುವಾಗ ನಮಗೆ ಭಾರ ಅನ್ನಿಸೋದಿಲ್ಲ. ಈ ಉಪಾಯವನ್ನ ಆನ್ಸನ್ ಮತ್ತು ಡೀಲಿ ಅನ್ನೋ ಇಬ್ಬರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1875ರಲ್ಲಿ ಪೇಟೆಂಟ್ ಮಾಡಿಸಿದರು. ಒಳಕುದುರೆಯ ಜೋಡುನಳಿಗೆ ಕೋವಿ, ವಿಲಾಯಿತಿಯದ್ದಿರಲಿ ನಮ್ಮ ದೇಶದ್ದಿರಲಿ, ಹೆಚ್ಚಿನವು ಇವತ್ತಿಗೂ ಅದೇ ವಂಶ.

ಈಗ ಯೋಚನೆ ಮಾಡಿ. ಕುದುರೆ ಎಬ್ಬಿಸೋ ಹಾರೆಕೋಲು ನಳಿಗೆ. ನಳಿಗೆ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಟ್ರಿಗರ್ ಎಳೆದರೆ ಕುದುರೆ ಬೀಳುತ್ತೆ. ಬಿದ್ದದ್ದನ್ನ ಎತ್ತೋರು ಯಾರು? ಕುದುರೆ ಬಿದ್ದಾಗ ಆ ಎರಡು ಲಿವರ್ ತುದಿಗಳು ಒತ್ತಿದ ಜಾಗದಿಂದ ಮೇಲೆದ್ದು ನಿಲ್ತವೆ. ಎಷ್ಟೋ ಕೋವಿಗಳಲ್ಲಿ ಹಾಗೆ ಮೇಲೆದ್ದ ತುದಿ ಮುಂದಿನ ಮರದ ದಾರಿಗೆ ಅಡ್ಡ ಬರುತ್ತೆ. ಎಲ್ಲ ಮಾದರಿಯಲ್ಲೂ ಹೀಗೇ ಅಂತಲ್ಲ, ಕೆಲವು ಹಾಗೂ ಹೀಗೂ ಕೂತುಬಿಡ್ತವೆ. ಆದರೆ "ನಿನ್ನೆವರೆಗೆ ಸರಿಯಿತ್ತು, ಬಿಚ್ಚಿ ಒರೆಸಿದ್ದಷ್ಟೇ, ಈಗ ಕೂರ್ತಿಲ್ಲ" ಅಂತ ಯಾರಾದರೂ ಅಂದರೆ ನಾನು ಮೊದಲು ಕೇಳೋದು ಇದನ್ನೇ, ಟ್ರಿಗರ್ ಮುಟ್ಟಿದ್ರಾ?

ಇದಕ್ಕೆ ಮದ್ದೂ ಸುಲಭ. ನಳಿಗೆ ಜೋಡಿಸದೆ ಬರೀ ಹಿಂದಿನ ಭಾಗ ಕೈಯಲ್ಲಿ ಹಿಡ್ಕೊಳ್ಳಿ. ಪೆಟ್ಟಿಗೆಯ ಮೂತಿ ನೋಡಿ. ಎರಡು ತುದಿ ಕಾಣ್ತವೆ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಒಂದು ಕುದುರೆ ಮಾತ್ರ ಬಿದ್ದಿದೆ ಅಂತ ಅರ್ಥ. ದಪ್ಪ ಮರದ ಹಲಗೆಯ ಅಂಚಿಗೆ ಆ ತುದಿಯನ್ನ ಕೊಟ್ಟು ಹಿಂದಿನ ಮರ ಹಿಡಿದು ನಿಧಾನಕ್ಕೆ ಭಾರ ಹಾಕಿ. ಸ್ಪ್ರಿಂಗು ಗಟ್ಟಿ ಇರುತ್ತೆ, ಹೆದರಬೇಡಿ, ಆದರೆ ಬೆರಳು ಅಡ್ಡ ಇಡಬೇಡಿ. ಕಟಕ್ ಅಂತ ಒಂದು ಸದ್ದು. ಇನ್ನೊಂದು ತುದಿಗೂ ಹಾಗೇ, ಇನ್ನೊಂದು ಕಟಕ್. ಎರಡು ಕೇಳಬೇಕು. ಕಬ್ಬಿಣದ ಮೇಲೆ ಒತ್ತಬೇಡಿ, ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಜಾರಿದರೆ ಅಂಗೈಗೆ ಹೋಗುತ್ತೆ. ಅಷ್ಟೇ ಕೆಲಸ. ಗೌಡ್ರ ಮನೆಯಲ್ಲಿ ಅಂಥಾ ಹಲಗೆ ಇಪ್ಪತ್ತು ಬಿದ್ದಿವೆ.

ಇನ್ನು ಆ ವೆಲ್ಡಿಂಗ್ ಶಾಪಿನವನ ಅರ ಏನು ಮಾಡ್ತು ನೋಡಿ. ಮೇಲೆದ್ದು ನಿಂತ ಲಿವರ್ ತುದಿಯನ್ನೇ ಉಜ್ಜಿದ. ಬಲಗಡೆಯದ್ದು ಗಿಡ್ಡ ಆಯ್ತು. ಗಿಡ್ಡ ಆದದ್ದು ಕುದುರೆಯನ್ನ ಪೂರ್ತಿ ಎತ್ತೋದಿಲ್ಲ, ಅದಕ್ಕೇ ಬಲಗಡೆ ಏಳ್ತಿಲ್ಲ. ಇದು ಕೋವಿ ಕೆಲಸ ಮಾಡದೇ ಇರೋ ತೊಂದರೆ, ಹೋಗಲಿ ಅನ್ನಬಹುದು. ಆದರೆ ಅವನು ಅಷ್ಟಕ್ಕೆ ಬಿಡಲಿಲ್ಲ. "ಇದೂ ಬಿಗಿ ಇದೆ" ಅಂತ ನಳಿಗೆಯ ಕೊಕ್ಕೆಯ ಒಳಬದಿಯನ್ನೂ ಉಜ್ಜಿದ. ಬಿಗಿ ಇರಲೇಬೇಕು ಮಾರಾಯ್ರೆ! ಕೊಕ್ಕೆ ಕೀಲನ್ನ ಬಿಗಿಯಾಗಿ ಎಳೆದು ಹಿಡಿದಿದ್ದಕ್ಕೇ ನಳಿಗೆಯ ಹಿಂಬದಿ ಕಬ್ಬಿಣಕ್ಕೆ ಒತ್ತಿ ಕೂತಿರೋದು. ಈಡು ಹಾರಿದಾಗ ತೋಟಾದ ಹಿತ್ತಾಳೆ ತಳಕ್ಕೆ ಹಿಂದಿನಿಂದ ಆಸರೆ ಅಂತ ಇರೋದು ಅದೊಂದೇ. ಅಲ್ಲಿ ಸಂದು ಬಿಟ್ಟರೆ ತಳ ಹಿಂದಕ್ಕೆ ಉಬ್ಬುತ್ತೆ, ಸೀಳಿದರೆ ಬೆಂಕಿ ಗಾಳಿ ಹಿಂದಕ್ಕೆ ನುಗ್ಗುತ್ತೆ. ಗುರಿ ಹಿಡಿದವರ ಕಣ್ಣು ಎಲ್ಲಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಹಳೇ ಕಾಲದ ಕುಶಲಕರ್ಮಿಗಳು ಆ ಕೊಕ್ಕೆ ಮತ್ತು ಕೀಲಿನ ಜಾಗಕ್ಕೆ ದೀಪದ ಮಸಿ ಹಚ್ಚಿ, ಮುಚ್ಚಿ ತೆರೆದು, ಮಸಿ ತಾಗಿದಲ್ಲಿ ಕೂದಲೆಳೆಯಷ್ಟು ತೆಗೆದು, ದಿನಗಟ್ಟಲೆ ಕೂರಿಸ್ತಿದ್ದರು. ನಮ್ಮವನು ಗೇಟಿನ ಬಿಜಾಗರಿಗೆ ಹಾಕಿದ ಅರವನ್ನೇ ಹಾಕಿದ.

ಅವನನ್ನ ಬೈದು ಪ್ರಯೋಜನ ಇಲ್ಲ ಅಂತ ಕೆಲವರು ಹೇಳಿದರು, ಪಾಪ ಅವನಿಗೇನು ಗೊತ್ತು ಅಂತ. ಗೊತ್ತಿಲ್ಲದಿದ್ದರೆ ಮುಟ್ಟಬಾರದಿತ್ತು. ಅದಕ್ಕಿಂತ ದೊಡ್ಡ ಮಾತು, ಲೈಸೆನ್ಸ್ ಇಲ್ಲದವರು ಕೋವಿ ರಿಪೇರಿ ಮಾಡೋದು 1959ರ ಆಯುಧ ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ ಅಪರಾಧ. ಮಾಡಿದವನಿಗೆ ಮಾತ್ರ ಅಲ್ಲ, ಒಯ್ದು ಕೊಟ್ಟ ನಮಗೂ ಸುತ್ತಿಕೊಳ್ಳುತ್ತೆ. ನಿಮ್ಮ ಲೈಸೆನ್ಸ್ ಪುಸ್ತಕ ನವೀಕರಣಕ್ಕೆ ಹೋದಾಗ ಈ ಕತೆ ಹೊರಗೆ ಬಂದರೆ ಕೋವಿಯೂ ಹೋಯ್ತು, ಪುಸ್ತಕವೂ ಹೋಯ್ತು. ನಾವು ಒರೆಸಬಹುದು, ಎಣ್ಣೆ ಹಾಕಬಹುದು, ದಿನನಿತ್ಯ ಬಿಚ್ಚಿ ಜೋಡಿಸಬಹುದು. ಅರ, ಬೆಸುಗೆ, ಸುತ್ತಿಗೆ ಬೇಕು ಅನ್ನಿಸಿದ ಕ್ಷಣಕ್ಕೆ ಅದು ಲೈಸೆನ್ಸ್ ಇರುವ ಅಂಗಡಿಯವರ ಕೆಲಸ.

ಇನ್ನು ನಾನು ನಿಜವಾಗಿ ಜಗಳ ಆಡಬೇಕಾದ್ದು ಬೇರೆ ಕಡೆ ಇದೆ. ಗೌಡ್ರ ಕೋವಿಗೆ ತುಕ್ಕು ಹಿಡಿದದ್ದು ಎಲ್ಲಿ?

2024ರ ಲೋಕಸಭೆಗೆ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು. ನಮ್ಮ ಕಡೆ ಮತದಾನ ಏಪ್ರಿಲ್ 26. ಫಲಿತಾಂಶ ಜೂನ್ 4. ನಮ್ಮ ಓಟು ಮುಗಿದ ಮೇಲೂ ಮೂವತ್ತೊಂಬತ್ತು ದಿನ ನಮ್ಮ ಕೋವಿಗಳು ಯಾವುದೋ ಕೋಣೆಯಲ್ಲಿ ಒಂದರ ಮೇಲೊಂದು ಒರಗಿಕೊಂಡು ನಿಂತಿದ್ದವು. ಅಷ್ಟರಲ್ಲಿ ಮುಂಗಾರಿನ ತೇವ ಶುರು. ಬಾಳೆಗೆ ಹಂದಿ, ಎಳೆ ಅಡಿಕೆಗೆ ಕೋಕೋಗೆ ಮಂಗ, ಅವಕ್ಕೆ ನೀತಿಸಂಹಿತೆ ಅನ್ವಯ ಆಗೋದಿಲ್ಲ. ಹೊಡೆಯೋ ಮಾತಲ್ಲ ನಾನು ಆಡ್ತಿರೋದು, ಅದು ಅರಣ್ಯ ಕಾನೂನಿನ ವಿಷಯ, ಬೇರೆ ದಿನ ಬರೀತೀನಿ. ಬರೀ ಒಂದು ಈಡಿನ ಸದ್ದಿಗೆ ಉಳಿಯೋ ಬೆಳೆ ಎಷ್ಟು ಅಂತ ನಿಮಗೆಲ್ಲ ಗೊತ್ತು.

ಚುನಾವಣಾ ಆಯೋಗದ ಸೂಚನೆ ಏನು ಹೇಳುತ್ತೆ? ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕು, ಒಬ್ಬೊಬ್ಬರ ಲೈಸೆನ್ಸೂ ನೋಡಬೇಕು, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಸಿಕ್ಕವರು, ಇಂಥವರ ಆಯುಧವನ್ನ ಮುಖ್ಯವಾಗಿ ಗಮನಿಸಬೇಕು ಅಂತ. ನಮಗೆ ಬರೋದೇನು? ಸಾರಾಸಗಟಾಗಿ ಎಲ್ಲರಿಗೂ ಒಂದೇ ನೋಟೀಸು. ಎಪ್ಪತ್ತು ದಾಟಿದ ಗೌಡ್ರು ಬೂತು ವಶಪಡಿಸಿಕೊಳ್ಳೋಕೆ ಹೋಗ್ತಾರೆ ಅಂತ ಯಾರಿಗಾದರೂ ಅನ್ನಿಸಿತಾ? ವಿನಾಯಿತಿಗೆ ಅರ್ಜಿ ಕೊಡೋಕೆ ದಾರಿ ಇದೆ. ನಮ್ಮಲ್ಲಿ ಎಷ್ಟು ಜನ ಕೊಟ್ಟಿದ್ದೀವಿ? ಬಯ್ಯೋದು ಪೇಟೆ ಹೋಟೆಲಲ್ಲಿ, ಅರ್ಜಿ ಬರೆಯೋಕೆ ಕೈ ಬರೋದಿಲ್ಲ. ನನ್ನನ್ನೂ ಸೇರಿಸಿಯೇ ಹೇಳ್ತಿದ್ದೀನಿ, ನಾನೂ ಕೊಟ್ಟಿರಲಿಲ್ಲ.

ಕೊಡಗಿನವರ ವಿಷಯ ತಂದು ಹೋಲಿಸ್ತಾರೆ ಕೆಲವರು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಕೇಂದ್ರ 2029ರವರೆಗೆ ಮುಂದುವರಿಸಿದೆ, ನಮಗ್ಯಾಕಿಲ್ಲ ಅಂತ. ಆ ವಾದ ನನಗೆ ಬೇಡ. ಅವರಿಂದ ಕಲಿಯೋದು ಬೇರೆ ಇದೆ. ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್ ಪೊಳ್ದ್ ಬರುತ್ತೆ, ಕೋವಿ ತೆಗೆದು, ಒರೆಸಿ, ತೋಕ್ ಪೂ ಇಟ್ಟು ಪೂಜೆ ಮಾಡ್ತಾರೆ. ನಾವು? ಆಯುಧಪೂಜೆಗೆ ಟಿಲ್ಲರ್, ಪಂಪು, ಗರಗಸದ ಜೊತೆ ಕೋವಿಯನ್ನೂ ಒರಗಿಸಿ, ವಿಭೂತಿ ಬಳಿದು, ಕುಂಕುಮ ಹಚ್ಚಿ, ಮಾರನೇ ದಿನ ಹಾಗೇ ಒಳಗಿಡ್ತೀವಿ. ನಳಿಗೆಯೊಳಗೆ ಇಣುಕಿ ನೋಡೋದಿಲ್ಲ. ಒದ್ದೆ ಕುಂಕುಮ ಹಚ್ಚಿದಲ್ಲೇ ತುಕ್ಕು ಹಿಡಿಯುತ್ತೆ, ಕೀಲಿನ ಸಂದಿಗೆ ಹೋದ ವಿಭೂತಿ ಎಣ್ಣೆ ಜೊತೆ ಸೇರಿ ಹಿಟ್ಟಾಗುತ್ತೆ. ಪೂಜೆ ಬೇಡ ಅನ್ನೋನಲ್ಲ ನಾನು, ನನ್ನ ಮನೆಯಲ್ಲೂ ಮಾಡ್ತೀವಿ. ಮರದ ಭಾಗಕ್ಕೆ ಹಚ್ಚಿ, ಸಂಜೆ ಒರೆಸಿ.

ಠಾಣೆಯಲ್ಲಿ ಇನ್ನೊಂದು ಎಡವಟ್ಟು ಆಗುತ್ತೆ, ಅದು ನನಗೇ ಆದದ್ದು. 2023ರ ವಿಧಾನಸಭೆ ಚುನಾವಣೆಗೆ ಒಪ್ಪಿಸಿದ್ದ ನನ್ನ ಜೋಡುನಳಿಗೆ ಮನೆಗೆ ಬಂದಾಗ ಮುಂದಿನ ಮರ ಸಡಿಲ, ಕೈಯಲ್ಲಿ ಅಲ್ಲಾಡ್ತಿದೆ. ಮಳೆಗೆ ಉಬ್ಬಿದ್ದರೆ ಬಿಗಿ ಆಗಬೇಕಿತ್ತು, ಇದು ಉಲ್ಟಾ. ಬಿಚ್ಚಿ ಒಳಗಿನ ಕಬ್ಬಿಣದ ಮೇಲಿನ ನಂಬರ್ ನೋಡಿದೆ. ನಳಿಗೆಯಲ್ಲಿ ಒಂದು ನಂಬರ್, ಪೆಟ್ಟಿಗೆಯಲ್ಲಿ ಅದೇ ನಂಬರ್, ಮುಂದಿನ ಮರದಲ್ಲಿ ಬೇರೆಯೇ! ಯಾರದ್ದೋ ಮರ ನನ್ನ ಕೋವಿಗೆ, ನನ್ನದು ಯಾರದ್ದಕ್ಕೋ. ಅಟ್ಟಿಯಲ್ಲಿ ಕಳಚಿ ಬಿದ್ದದ್ದನ್ನ ಯಾರೋ ಕಂಡ ಕೋವಿಗೆ ಸಿಕ್ಕಿಸಿಟ್ಟಿದ್ದರು. ಹನ್ನೊಂದು ದಿನ ಅಲೆದು ಎಂಟು ಕಿಲೋಮೀಟರ್ ದೂರದ ಒಬ್ಬರ ಮನೆಯಲ್ಲಿ ನನ್ನದು ಸಿಕ್ಕಿತು. ಅವರು ಅದಾಗಲೇ ಉಪ್ಪುಕಾಗದ ಹಾಕಿ ಉಜ್ಜೋಕೆ ಹೊರಟಿದ್ದರು, "ಮಳೆಗೆ ಉಬ್ಬಿದೆ ಅಂದುಕೊಂಡೆ" ಅಂದರು.

ಇಂಥ ಕೋವಿಗಳು ಕಾರ್ಖಾನೆ ಬೋಲ್ಟ್ ನಟ್ಟಿನ ಹಾಗಲ್ಲ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಜೋಡುನಳಿಗೆ ತಂದು ಭಾಗ ಅದಲು ಬದಲು ಮಾಡಿ ನೋಡಿ, ಕೂರೋದಿಲ್ಲ. ಕೂತರೂ ಸರಿಯಾಗಿ ಕೂರೋದಿಲ್ಲ. ಒಂದೊಂದನ್ನೂ ಕೈಯಲ್ಲಿ ಕೂರಿಸಿರ್ತಾರೆ, ಅದಕ್ಕೇ ಮೂರೂ ಭಾಗಕ್ಕೆ ನಂಬರ್ ಹೊಡೆದಿರೋದು. ಹೊಂದದ ಭಾಗ ಬಂದಾಗ ನಾವು ಮಾಡೋ ಮೊದಲ ಕೆಲಸ ಉಜ್ಜೋದು, ಕೊನೇ ಕೆಲಸ ನಂಬರ್ ನೋಡೋದು. ಇದು ತಲೆಕೆಳಗು.

ಆದ್ದರಿಂದ ಒಪ್ಪಿಸುವಾಗ ನಾನೀಗ ಏನು ಮಾಡ್ತೀನಿ ಅಂದರೆ, ಮನೆಯಲ್ಲೇ ಮೂರೂ ನಂಬರಿನ ಫೋಟೋ ತೆಗೀತೀನಿ. ನಳಿಗೆ ಒಳಗೆ ಹೊರಗೆ ತೆಳ್ಳಗೆ ಎಣ್ಣೆ. ಮುಂದಿನ ಮರವನ್ನ ನಳಿಗೆಗೆ ಸೇರಿಸಿ ಹತ್ತಿ ದಾರದಲ್ಲಿ ಬಿಗಿಯಾಗಿ ಸುತ್ತಿ ಕಟ್ತೀನಿ, ಹೆಸರು ನಂಬರ್ ಬರೆದ ಚೀಟಿ ಎರಡು ಕಡೆ. ರಸೀದಿಯಲ್ಲಿ "ಮುಂದಿನ ಮರ ಸಹಿತ, ತುಕ್ಕಿಲ್ಲ" ಅಂತ ಬರೆಸ್ತೀನಿ. ಬರೆಯೋರು ಮುಖ ಸಿಂಡರಿಸ್ತಾರೆ, ಸಿಂಡರಿಸಲಿ. 2024ರಲ್ಲಿ ಹೀಗೆ ಕೊಟ್ಟದ್ದು ಹಾಗೇ ವಾಪಸ್ ಬಂತು, ಮೇಲೆ ಧೂಳು ಮಾತ್ರ. ವಾಪಸ್ ತಗೊಳ್ಳುವಾಗ ಅಲ್ಲೇ ಕೌಂಟರಿನ ಮುಂದೆ ನಂಬರ್ ನೋಡಿ. ಬಸ್ಸಿಗೆ ಹೊತ್ತಾಯ್ತು ಅಂತ ಚೀಲಕ್ಕೆ ತುರುಕಿಕೊಂಡು ಬರಬೇಡಿ.

ಮರ ನಿಜವಾಗಿಯೇ ಉಬ್ಬೋದೂ ಉಂಟು. ನಮ್ಮ ಆಷಾಢದ ಮಳೆಯಲ್ಲಿ ಬಾಗಿಲೇ ಉಬ್ಬುತ್ತೆ, ಕೋವಿ ಮರ ಬಿಟ್ಟೀತಾ? ಗುರುತು ಹಿಡಿಯೋದು ಹೇಗೆ ಅಂದರೆ, ಉಬ್ಬಿದ್ದರೆ ಮರ ಕಬ್ಬಿಣಕ್ಕೆ ತಾಗೋ ಅಂಚಿನಲ್ಲಿ ಉಜ್ಜಿದ ಹೊಳಪು ಕಾಣುತ್ತೆ. ಕುದುರೆ ಬಿದ್ದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಕ್ ಅಂತ ನಿಲ್ಲುತ್ತೆ. ಉಬ್ಬಿದ್ದನ್ನ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಸೀಳುತ್ತೆ. ಗಾಳಿಯಾಡೋ ಒಣ ಕೋಣೆಯಲ್ಲಿ ನಾಲ್ಕು ದಿನ ಬಿಡಿ.

ಎಣ್ಣೆ ವಿಷಯ. ಕೊಬ್ಬರಿ ಎಣ್ಣೆ ಹಾಕೋರಿದ್ದಾರೆ ಇನ್ನೂ. ತಲೆಗೆ ಒಳ್ಳೇದು, ಕೋವಿಗಲ್ಲ. ಚಳಿಗೆ ಹೆಪ್ಪುಗಟ್ಟುತ್ತೆ, ಹಳತಾದರೆ ಅಂಟಾಗುತ್ತೆ, ಲಿವರ್ ಅರ್ಧಕ್ಕೆ ನಿಲ್ಲುತ್ತೆ, ಆಮೇಲೆ ಕೋವಿ ಕೆಟ್ಟಿತು ಅಂತಾರೆ. ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸಾಕು. ಡಬ್ಬದಿಂದ ಪುಸ್ ಅಂತ ಹೊಡೆಯೋ ಸ್ಪ್ರೇ ನೀರು ಓಡಿಸೋಕೆ ಸರಿ, ಅದನ್ನ ಒರೆಸಿ ಮೇಲೆ ಎಣ್ಣೆ ಹಾಕಬೇಕು.

ಕೋವಿ ಮುಚ್ಚದೇ ಇದ್ದರೆ? ಕುದುರೆಗೆ ಹೋಗೋ ಮೊದಲು ಕೀಲು ನೋಡಿ, ನಳಿಗೆಯ ಹಿಂಬದಿ ನೋಡಿ. ಒರೆಸಿದ ಬಟ್ಟೆಯ ಒಂದು ನೂಲು, ಒಂದು ಮರಳಿನ ಕಾಳು ಸಾಕು ಅಡ್ಡ ಬರೋಕೆ. ತೋಟಾ ಎತ್ತುವ ತಗಡು ಪೂರ್ತಿ ಒಳಗೆ ಕೂತಿದೆಯಾ ನೋಡಿ. ಮೇಲಿನ ಲಿವರನ್ನ ಬಲಕ್ಕೆ ಒತ್ತಿ ಹಿಡಿದೇ ನಳಿಗೆ ಏರಿಸಬೇಕು. ಮತ್ತೆ, ನಳಿಗೆ ಪೂರ್ತಿ ಮುಚ್ಚಿದ ಮೇಲೆಯೇ ಮುಂದಿನ ಮರ. ನಳಿಗೆ ಬಾಗಿದ್ದಾಗ ಸಿಕ್ಕಿಸೋಕೆ ಹೋಗಿ ಹೆಣಗಾಡೋರನ್ನ ಬೇಕಾದಷ್ಟು ನೋಡಿದ್ದೀನಿ.

ಹೊರಗುದುರೆಯ ಹಳೇ ಕೋವಿ ಇದ್ದವರಿಗೆ ಈ ಲಿವರಿನ ರಗಳೆ ಇಲ್ಲ, ಕುದುರೆ ಹೆಬ್ಬೆರಳಲ್ಲಿ ಎಳೆಯೋದು. ಆದರೆ ತೀರ ಹಳೇ ಮಾದರಿಯಲ್ಲಿ ಕುದುರೆ ಬಿದ್ದಿದ್ದರೆ ಸೂಜಿಯ ಮೊನೆ ಮುಂದೆ ಚಾಚಿ ನಿಂತಿರುತ್ತೆ, ನಳಿಗೆ ಮುಚ್ಚೋದಿಲ್ಲ. ಎರಡೂ ಕುದುರೆ ಅರ್ಧ ಎಳೆದು ನಿಲ್ಲಿಸಿ, ಆಮೇಲೆ ಮುಚ್ಚಿ. ತೋಟಾ ಇಟ್ಟು ಬಲವಂತಕ್ಕೆ ಮುಚ್ಚೋಕೆ ಹೋದರೆ ಮೊನೆ ಕೇಪಿಗೇ ಹೊಡೆಯುತ್ತೆ. ಕೇಪಿನ ಕೋವಿಯವರದ್ದು ಬೇರೆ ಪುರಾಣ, ಇಲ್ಲಿ ಬೇಡ.

"ಸ್ಪ್ರಿಂಗ್ ಸಡಿಲ ಆಗುತ್ತೆ, ಕುದುರೆ ಬೀಳಿಸಿಯೇ ಇಡಬೇಕು ಅಂತ ನಮ್ಮಜ್ಜ ಹೇಳ್ತಿದ್ದರು" ಅಂತ ಸೊಸೈಟಿಯಲ್ಲಿ ಒಬ್ಬರು ತಗಾದೆ ತೆಗೆದರು. ಅಜ್ಜ ಹೇಳಿದ್ದು ತಪ್ಪಲ್ಲ. ಆದರೆ ಅಜ್ಜ ಕೋವಿ ಜೋಡಿಸಿಟ್ಟು, ನಳಿಗೆಯಲ್ಲಿ ಬಳಸಿದ ಖಾಲಿ ತೋಟಾ ಹಾಕಿ ಬೀಳಿಸ್ತಿದ್ದರು. ನಾನೂ ಹಾಗೇ ಮಾಡ್ತೀನಿ, ಆದರೆ ಆ ಖಾಲಿ ತೋಟಾಕ್ಕೆ ದಪ್ಪಗೆ ಬಣ್ಣ ಬಳಿದಿಟ್ಟಿದ್ದೀನಿ, ಕತ್ತಲಲ್ಲಿ ನಿಜದ್ದರ ಜೊತೆ ಕಲಸಿ ಹೋಗಬಾರದು ಅಂತ. ಹಾಗೆ ಬೀಳಿಸಿಟ್ಟ ಕೋವಿಯನ್ನ ಮುಂದಿನ ಸಲ ಬಿಚ್ಚುವ ಮೊದಲು ಒಮ್ಮೆ ಪೂರ್ತಿ ಮಡಚಿ, ಎರಡೂ ನಳಿಗೆ ಖಾಲಿಯಾ ನೋಡಿ, ಮುಚ್ಚಿ, ಆಮೇಲೆ ಬಿಚ್ಚಿ. ಮಡಚಿದಾಗಲೇ ಕುದುರೆ ಎದ್ದಿರುತ್ತೆ. ಬಿಚ್ಚಿದ ಮೇಲೆ ಟ್ರಿಗರ್ ಹತ್ತಿರ ಬೆರಳು ಒಯ್ಯಬೇಡಿ. ಮಕ್ಕಳು ಪಕ್ಕದಲ್ಲಿ ಕೂತು ನೋಡ್ತಿದ್ದರೆ ಟ್ರಿಗರ್ ಕಾವಲಿಗೆ ಒಂದು ಬಟ್ಟೆ ಸುತ್ತಿ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳಲೇಬೇಕು. ಕೋವಿ ಒರೆಸಬೇಕು ಅಂತ ಅವನಿಗಾದರೂ ಅನ್ನಿಸಿತು. ಅಪ್ಪ ನಲವತ್ತು ವರ್ಷ ಹಿಡಿದದ್ದು ನಿಜ, ಮಗನ ಕೈಗೆ ಕೊಟ್ಟು ಒಂದು ದಿನ ಬಿಚ್ಚೋದು ಜೋಡಿಸೋದು ತೋರಿಸಲಿಲ್ಲ. ಮನೆಯಲ್ಲಿ ಹೇಳಿಕೊಡೋರು ಇಲ್ಲದಿದ್ದರೆ ಹುಡುಗರು ಅಮೆರಿಕದವನ ಹತ್ರವೇ ಕಲೀತಾರೆ. ಅವನು ಚೆನ್ನಾಗಿಯೇ ಹೇಳಿಕೊಡ್ತಾನೆ, ಅವನ ಪಿಸ್ತೂಲಿಗೆ.

ಗೌಡ್ರ ಕೋವಿ ಈಗ ಲೈಸೆನ್ಸ್ ಇರುವ ರಿಪೇರಿಯವರ ಹತ್ರ ಇದೆ, ಮಗನೇ ಒತ್ತಾಯ ಮಾಡಿ ಅಪ್ಪನನ್ನ ಜೊತೆಗೆ ಕೂರಿಸಿಕೊಂಡು ಹೋಗಿ ಕೊಟ್ಟು ಬಂದ. ಕೊಕ್ಕೆಗೆ ಲೋಹ ತುಂಬಿ ಮತ್ತೆ ಕೂರಿಸಬೇಕಂತೆ, ಲಿವರ್ ಹೊಸದು ಮಾಡಬೇಕಂತೆ. ಹದಿನೆಂಟು ಸಾವಿರ ಹೇಳಿದ್ದಾರೆ, ಆದರೂ ಮೊದಲಿನ ಹಾಗೆ ಆಗುತ್ತೆ ಅಂತ ಮಾತು ಕೊಟ್ಟಿಲ್ಲ. ಗೌಡ್ರು ಇನ್ನೂ ನನ್ನ ಜೊತೆ ಮಾತಾಡಿಲ್ಲ. ಮೊನ್ನೆ ಹಾಲಿನ ಡೈರಿ ಹತ್ರ ಎದುರಾದಾಗ ಮುಖ ತಿರುಗಿಸಿದರು, ಆಮೇಲೆ ಹಿಂದಿನಿಂದ ಮಗನ ಹತ್ರ, ಅವನ ಗದ್ದೆಗೆ ಹಂದಿ ಬಂದಿತ್ತಾ ಕೇಳು ಅಂದರಂತೆ. ಬಂದಿತ್ತು. ಕೆಳಗಿನ ಎರಡು ಗದ್ದೆ ಹೋಯ್ತು.